ಬೀಳು ಬಿದ್ದ ಮೇಷ್ಟ್ರು

ನನಗೆ ಸುಮ್ಮನೆ ಕೂರಲು ಬರುವುದಿಲ್ಲ. ಓದಿದ್ದು ಮಠದ ಹಾಸ್ಟೆಲಿನಲ್ಲಿ. ಅಲ್ಲಿ ಏಳಲು ಗಂಟೆ, ಉಣ್ಣಲು ಗಂಟೆ, ಭಾನುವಾರ ಆಟಕ್ಕೂ ಗಂಟೆ. ಆಮೇಲೆ ಮೂವತ್ತು ವರ್ಷ ಮೇಷ್ಟ್ರಾಗಿ ಆ ಗಂಟೆಯನ್ನು ನಾನೇ ಹೊಡೆಸಿದೆ. ಮದುವೆಗೆ ಮಾತ್ರ ಯಾರೂ ಗಂಟೆ ಹೊಡೆಯಲಿಲ್ಲ, ಹಾಗಾಗಿ ಅದು ಉಳಿದುಹೋಯಿತು. ನಿವೃತ್ತನಾದ ಮೇಲೆ ಚಿತ್ರದುರ್ಗದಲ್ಲಿ ಬಾಡಿಗೆ ಮನೆ ಹಿಡಿದು ಊರಿನ ವಾರಪತ್ರಿಕೆಗೆ ಅಂಕಣ ಬರೆಯತೊಡಗಿದೆ. ಬೆಳಿಗ್ಗೆ ಐದರಿಂದ ಎಂಟು, ಬಾಗಿಲು ಹಾಕಿಕೊಂಡು. ಶುಕ್ರವಾರ ಪತ್ರಿಕೆ ಬಂದರೆ ಹೋಟೆಲಿನಲ್ಲಿ ಯಾರಾದರೊಬ್ಬರು "ಓದ್ದೆ ಸಾರ್" ಎನ್ನುತ್ತಿದ್ದರು. ಇಡೀ ವಾರದಲ್ಲಿ ನನ್ನನ್ನು ಯಾರಾದರೂ ಮಾತನಾಡಿಸುವುದು ಎಂದರೆ ಅದೊಂದೇ.

ಹೀಗಿರುವಾಗ ಸಂಪಾದಕ, ನನ್ನ ಹಳೆಯ ವಿದ್ಯಾರ್ಥಿ, ಲೇಖನ ವಾಪಸು ತಂದ. "ತಪ್ಪು ತಿಳೀಬ್ಯಾಡ್ರಿ ಸಾರ್. ನಲ್ಲಿ ನೀರಿನ ಮೇಲೆ ಇದು ಮೂರನೇದು. ಸುಸ್ತಾಗಿದ್ದೀರಿ. ಒಂದು ತಿಂಗಳು ರೆಸ್ಟ್ ತಗಳ್ರಿ. ಆಮೇಲೂ ಹಿಂಗೇ ಆದ್ರೆ ಆ ಜಾಗಕ್ಕೆ ಬೇರೆ ಏನಾದ್ರೂ ನೋಡ್ಬೇಕಾಗ್ತೈತೆ."

ವಿಶ್ರಾಂತಿಗೊಂದು ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಆರರಿಂದ ಏಳು, ಬೆಟ್ಟ ನೋಡುವುದು. ಏಳರಿಂದ ಎಂಟು, ಏನೂ ಯೋಚಿಸದಿರುವುದು. ಬೆಟ್ಟ ಹತ್ತು ನಿಮಿಷಕ್ಕೆ ಮುಗಿಯಿತು. ಏನೂ ಯೋಚಿಸಬಾರದೆಂದು ಎಂಟರವರೆಗೂ ಯೋಚಿಸಿದೆ. ಮೂರು ವಾರ ಒಂದು ದಿನವೂ ತಪ್ಪಿಸಲಿಲ್ಲ. ಒಂದು ಸಾಲೂ ಹುಟ್ಟಲಿಲ್ಲ.

ಕೊನೆಗೆ ಹರಿಯಬ್ಬೆಗೆ ಹೋದೆ. ಅಲ್ಲಿ ಕೆಂಚಪ್ಪನಿದ್ದಾನೆ, ಹಾಸ್ಟೆಲಿನ ಗಂಟೆ ತಾಳಲಾರದೆ ಓಡಿಹೋಗಿ ಕುರಿ ಕಾಯ್ದ ಗೆಳೆಯ. ಬೇವಿನ ಮರದಡಿ ಕಂಬಳಿಯ ಮೇಲೆ ಮಲಗಿದ್ದ. ಗೊಬ್ಬರವಾಗಲೆಂದು ಪಕ್ಕದ ರೈತರೇ ಕರೆದು, ಅವನ ಕುರಿಗಳನ್ನು ಬಿತ್ತದೆ ಬಿಟ್ಟ ತಮ್ಮ ಬೀಳು ಹೊಲದಲ್ಲಿ ತರುಬಿ ನಿಲ್ಲಿಸಿಕೊಂಡಿದ್ದರು.

"ನಾನೂ ಮೂರು ವಾರದಿಂದ ಬೀಳು ಬಿದ್ದಿದ್ದೀನಿ ಕಣೋ. ಏನೂ ಬೆಳೀತಿಲ್ಲ" ಎಂದೆ.

"ಲೇ ಮೇಷ್ಟ್ರೇ, ಬರೀ ಬೀಳು ಬಿಟ್ರೆ ಮುಳ್ಳು ಬರ್ತೈತೆ. ಮೇಲೆ ಮಂದೆ ಕೂರ್ಬೇಕು. ತುಳೀಬೇಕು, ಅರಚ್ಬೇಕು, ಹಿಕ್ಕೆ ಹಾಕ್ಬೇಕು. ನಿನ್ ಮೇಲೆ ಯಾರು ಕುಂತವ್ರೆ ಹೇಳು?"

ಬಸ್ಸು ಹಿರಿಯೂರು ದಾಟುವವರೆಗೂ ಯೋಚಿಸಿದೆ. ಒಂದು ಹೆಸರೂ ಹೊಳೆಯಲಿಲ್ಲ.

ಮರುದಿನ ಬಾಗಿಲು ತೆರೆದು ಜಗಲಿಯ ಮೇಲೆ ಕೂತೆ. ಎದುರು ಮನೆಯ ಅಜ್ಜಿ ಅನುಮಾನದಿಂದ ನೋಡಿದರು. ಎರಡನೇ ದಿನ "ಮೈಗೆ ಹುಷಾರಿಲ್ವೇನ್ರಿ?" ಎಂದರು. ಮೂರನೇ ದಿನ ಒಂದು ಮೊರ ಹುಣಸೆಹಣ್ಣು ತಂದು ನನ್ನ ಮುಂದಿಟ್ಟು, "ಸುಮ್ನೆ ಕುಂತೀರಲ್ಲ, ಬೀಜನಾದ್ರೂ ಬಿಡಿಸ್ರಿ" ಎಂದು ತಾವೂ ಕೂತರು. ಎರಡು ಗಂಟೆ ಹೊತ್ತು ಸೊಸೆಯ ಕತೆ, ಬೀಗರ ಕತೆ, ತೀರಿಕೊಂಡ ಗಂಡನ ಕತೆ. ನಕ್ಕು ನಕ್ಕು ನನ್ನ ಅಂಟುಗೈಯಲ್ಲೇ ಕಣ್ಣೊರೆಸಿಕೊಂಡೆ. ವಿವರ ಇಲ್ಲಿ ಬರೆಯುವಂತಿಲ್ಲ. ಮಾರನೆಯ ಬೆಳಿಗ್ಗೆ ಕೂತಲ್ಲೇ ಏಳು ಪುಟ ಬರೆದೆ. ಅಂಥದ್ದನ್ನು ಜನ್ಮದಲ್ಲಿ ಬರೆದಿರಲಿಲ್ಲ.

ಅದನ್ನು ಪತ್ರಿಕೆಗೆ ಕೊಡಲು ಹೊರಟಾಗ ಅಜ್ಜಿ ಎದುರಾದರು. "ನಾಳೆ ಇನ್ನೊಂದು ಮೊರ ಐತೆ, ಬರ್ತೀನಿ. ನಿಮ್ಮ ಹತ್ರ ಹೇಳಿದ್ದು ಹೊರಗೆ ಹೋಗಲ್ಲ ಅಂತ ಧೈರ್ಯ ನೋಡ್ರಿ. ಈ ಬೀದೀಲಿ ಎಲ್ಲಾ ಬಾಯಿಬಡುಕರು."

ಇದು ಶುಕ್ರವಾರ ಅಚ್ಚಾದರೆ ಶನಿವಾರದಿಂದ ಜಗಲಿ ಖಾಲಿ. ಒಳಗೆ ಹೋಗಿ ಏಳು ಪುಟವನ್ನೂ ಟ್ರಂಕಿನ ತಳಕ್ಕೆ ಸೇರಿಸಿದೆ. ಸಂಪಾದಕನಿಗೆ, ಸುಸ್ತು ಇನ್ನೂ ಹೋಗಿಲ್ಲ ಎಂದು ಹೇಳಿಕಳಿಸಿದೆ.

ನನ್ನ ಜಾಗದಲ್ಲಿ ಪತ್ರಿಕೆಯವರು ಅಡುಗೆ ಅಂಕಣ ಶುರುಮಾಡಿದರು. ಅಜ್ಜಿಗೆ ಈಚೆಗೆ ಕಣ್ಣು ಮಂಜು. ಪ್ರತಿ ಶುಕ್ರವಾರ ಅದನ್ನು ಓದಿಸಿಕೊಳ್ಳಲು ನನ್ನ ಹತ್ತಿರವೇ ತರುತ್ತಾರೆ. "ನೀವು ಬರೀತಿದ್ದುದಕ್ಕಿಂತ ಇದು ಎಷ್ಟೋ ವಾಸಿ ಸಾರ್" ಎನ್ನುತ್ತಾರೆ. ಹೌದೆಂದು ತಲೆಯಾಡಿಸಿ, ಒಗ್ಗರಣೆಯವರೆಗೂ ಗಟ್ಟಿಯಾಗಿ ಓದುತ್ತೇನೆ.