ದೊಡ್ಡಮ್ಮನ ಸವಾರಿ, ಚಿಕ್ಕ ಗೇರಿನ ಹಟ

ಕುರ್ಚಿ-ಮೇಜುಗಳನ್ನು ಬಾಡಿಗೆಗೆ ಕೊಡುವ ಅಂಗಡಿಯ ಯಜಮಾನರು ಆ ಬೆಳಿಗ್ಗೆ, ಬಾಯಿ ತುಂಬ ನೊರೆಯಿದ್ದುದನ್ನೂ ಲೆಕ್ಕಿಸದೆ, ಹಲ್ಲುಜ್ಜುವ ಬ್ರಷ್ಷನ್ನು ರಾಜದಂಡದಂತೆ ಎತ್ತಿ ಹಿಡಿದು ಘೋಷಿಸಿದರು:

"ಇವತ್ತು ಚಿಕ್ಕ ಗೇರು ಹಾಕೇ ಹಾಕ್ತೀನಿ! ನೋಡ್ತಾ ಇರು!"

"ಮೊದಲು ಬಾಯಿ ಮುಕ್ಕಳಿಸಿ," ಎಂದಳು ಹೆಂಡತಿ.

ಅವರ ಪಿಕಪ್ ಗಾಡಿಯಲ್ಲಿ, ಎಲ್ಲ ಗಾಡಿಗಳಲ್ಲೂ ಇರುವ ದೊಡ್ಡ ಗೇರಿನ ಪಕ್ಕದಲ್ಲಿ, ತಾಯಿಯನ್ನು ಬಿಟ್ಟಿರಲಾರದ ಕೂಸಿನಂತೆ ಇನ್ನೊಂದು ಚಿಕ್ಕ ಗೇರಿತ್ತು. ಅದನ್ನು ಒಂದು ಹಂತ ಎಳೆದರೆ ಎಂಜಿನ್ನಿನ ಶಕ್ತಿ ನಾಲ್ಕೂ ಚಕ್ರಗಳಿಗೆ ಹರಿಯುತ್ತಿತ್ತು. ಇನ್ನೂ ಆಚೆಗೆ, 'ಲೋ' ಎಂದು ಬರೆದಲ್ಲಿಗೆ ಎಳೆದರೆ, ಗಾಡಿಯು ಆನೆಯ ಬಲವನ್ನೂ ಆಮೆಯ ವೇಗವನ್ನೂ ಒಟ್ಟಿಗೇ ಪಡೆದುಕೊಳ್ಳುತ್ತಿತ್ತು. ಯಜಮಾನರು ಆ ಗಾಡಿಯನ್ನು ಕೊಂಡದ್ದೇ ಈ ಗೇರಿಗೆ ಮನಸೋತು. ಆದರೆ ಸಭಾಂಗಣದಿಂದ ಸಭಾಂಗಣಕ್ಕೆ ಪ್ಲಾಸ್ಟಿಕ್ ಕುರ್ಚಿ ಸಾಗಿಸುವವರಿಗೆ ಪರ್ವತಾರೋಹಣದ ಯೋಗ ಒದಗುವುದಾದರೂ ಹೇಗೆ? ಕೊಂಡಂದಿನಿಂದ ಆ ಗೇರು ನಿರುದ್ಯೋಗಿಯಾಗಿಯೇ ಉಳಿದಿತ್ತು. ಹೆಂಡತಿ ಅದಕ್ಕೆ ತನ್ನ ಕೈಚೀಲ ನೇತುಹಾಕುತ್ತಿದ್ದಳು.

ಆ ದಿನ ಮಾತ್ರ ಯೋಗ ಒದಗಿಬಂದಿತ್ತು. ಆಕೆಯ ತಂದೆ, ಜೀವಮಾನವೆಲ್ಲ ಗಡಿಯಾರ ರಿಪೇರಿ ಮಾಡಿ ನಿವೃತ್ತರಾದವರು, ಊರಂಚಿನ ಗುಡ್ಡದ ನೆತ್ತಿಯ ಮೇಲೆ ಎರಡು ಕೋಣೆಯ ಮನೆಯಲ್ಲಿದ್ದರು. ಮೊಣಕಾಲುಗಳು ಅಸಹಕಾರ ಹೂಡಿದ ಮೇಲೂ ಅವರು ಗುಡ್ಡ ಬಿಟ್ಟಿರಲಿಲ್ಲ. ಮಗಳು ಗೋಗರೆದು, ಅತ್ತು, ಕೊನೆಗೆ ಮಾತು ಬಿಟ್ಟು, ಅಂತೂ ತನ್ನ ಮನೆಗೆ ಬಂದಿರುವಂತೆ ಒಪ್ಪಿಸಿದ್ದಳು. ಒಪ್ಪಿಗೆಗೆ ಒಂದು ಷರತ್ತು ಅಂಟಿಕೊಂಡಿತ್ತು.

"ನನ್ನ ಮೀನಿನ ತೊಟ್ಟಿ ನನ್ನ ಜೊತೇಲೇ ಬರುತ್ತೆ. ದಾರೀಲಿ ಒಂದೇ ಒಂದು ಮೀನಿಗೆ ಹೆಚ್ಚುಕಮ್ಮಿ ಆದ್ರೂ ನಾನು ವಾಪಸ್!"

ಗಾಜಿನ ಆ ತೊಟ್ಟಿಯಲ್ಲಿ ಕಿತ್ತಳೆ ಬಣ್ಣದ ಮೀನುಗಳ ತುಂಬು ಸಂಸಾರವಿತ್ತು. ಸಂಸಾರಕ್ಕೆ ಹಿರಿಯಳು 'ದೊಡ್ಡಮ್ಮ': ಹೊಟ್ಟೆ ದಪ್ಪ, ಕಣ್ಣು ದಪ್ಪ, ಯಾರನ್ನು ಕಂಡರೂ ಬಾಯಿ ತೆರೆದು ಮುಚ್ಚಿ ಏನೋ ಆಕ್ಷೇಪಣೆ ಸಲ್ಲಿಸುವ ಸ್ವಭಾವ.

ನಮ್ಮ ಯಜಮಾನರನ್ನು ಇನ್ನು ಮುಂದೆ 'ಅಳಿಯಂದಿರು' ಎನ್ನುವುದೇ ಉಚಿತ. ಗುಡ್ಡ ಹತ್ತಿದ ಮೇಲೆ ಅವರಿಗೆ ಉಳಿದದ್ದು ಆ ಪದವಿಯೊಂದೇ. ಅವರ ಚಾಲನೆಯ ಬಗ್ಗೆ ಮಾವನವರಿಗೆ ಖಚಿತವಾದ ಅಭಿಪ್ರಾಯವಿತ್ತು. "ಕುರ್ಚಿ ಬಿದ್ರೆ ಎತ್ತಿ ನಿಲ್ಲಿಸಬಹುದು ಅನ್ನೋ ಧೈರ್ಯದಲ್ಲಿ ಓಡಿಸ್ತಾರೆ," ಎಂದು ನಾಲ್ಕು ಜನರ ಮುಂದೆ ಹೇಳಿದ್ದೂ ಉಂಟು.

"ಮಾವ, ಮೀನುಗಳನ್ನ ನೀರು ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಬಿಡೋಣ, ಸುಲಭ ಆಗುತ್ತೆ," ಎಂದು ಅಳಿಯಂದಿರು ಸೂಚಿಸಿದರು.

"ಮೊದಲು ನಿಮ್ಮನ್ನ ಕಟ್ಟೋಣ ಅಳಿಯಂದಿರೇ. ಒಳಗೆ ಹೇಗಿರುತ್ತೆ ನೋಡಿ ಬಂದು ಹೇಳಿ."

ಚರ್ಚೆ ಅಲ್ಲಿಗೆ ಮುಗಿಯಿತು. ತೊಟ್ಟಿಯ ನೀರನ್ನು ಅರ್ಧಕ್ಕಿಳಿಸಿ, ಗಾಡಿಯ ಹಿಂಭಾಗದಲ್ಲಿ ಹಾಸಿಗೆ ಹಾಸಿ, ಅದರ ಮೇಲೆ ತೊಟ್ಟಿಯನ್ನಿಟ್ಟು ಹಗ್ಗ ಬಿಗಿದರು. ಮುಂದೆ ಕೂರಲು ಮಾವನವರು ಸುತರಾಂ ಒಪ್ಪಲಿಲ್ಲ. ಅಂಗಡಿಯದೇ ಆದ, ಎರಡೂ ಕಡೆ ಕೈಗಳಿರುವ ಕುರ್ಚಿಯೊಂದನ್ನು ಚಾಲಕರ ಕೋಣೆಗೆ ಒರಗಿಸಿ ಕಟ್ಟಲಾಯಿತು. ಅವರು ಅದರಲ್ಲಿ ಆಸೀನರಾಗಿ, ಗಾಡಿಯ ಹಿಂಬದಿಗೆ ಮುಖ ಮಾಡಿ, ತೊಟ್ಟಿಯನ್ನು ಎರಡೂ ಕೈಗಳಿಂದ ಬಳಸಿದರು.

"ನೋಡಿ," ಎಂದಳು ಹೆಂಡತಿ ತಗ್ಗಿದ ದನಿಯಲ್ಲಿ, ಮುಂದಿನ ಸೀಟಿನಲ್ಲಿ ಕೂರುತ್ತಾ. "ಅಪ್ಪ ಇವತ್ತು ವಾಪಸ್ ಹೋದ್ರೆ ಮತ್ತೆ ಯಾವತ್ತೂ ಬರಲ್ಲ. ನಿಮ್ಮ ಸಾಹಸ ಎಲ್ಲ ಇನ್ನೊಂದು ದಿನ ಇಟ್ಕೊಳ್ಳಿ."

"ಸಾಹಸ ಅಲ್ಲ ಕಣೇ, ವಿಜ್ಞಾನ! ಬ್ರೇಕ್ ಮುಟ್ಟಲ್ಲ. ಎಂಜಿನ್ನೇ ಗಾಡೀನ ಹಿಡ್ಕೊಂಡು ಇಳಿಸುತ್ತೆ. ನಿಮ್ಮಪ್ಪನ ಗಡಿಯಾರದ ಮುಳ್ಳಿನ ಹಾಗೆ!"

ಗುಡ್ಡದ ಬುಡ ಮುಟ್ಟುವವರೆಗೆ ಆ ಮಾತು ಅಕ್ಷರಶಃ ನಿಜವಾಯಿತು. ಅಳಿಯಂದಿರು ಇಳಿಜಾರಿನ ಅಂಚಿನಲ್ಲಿ ಗಾಡಿ ನಿಲ್ಲಿಸಿಕೊಂಡು, ಕೈಚೀಲವನ್ನು ಹೆಂಡತಿಯ ಮಡಿಲಿಗೆ ವರ್ಗಾಯಿಸಿ, ಚಿಕ್ಕ ಗೇರನ್ನು 'ಲೋ'ಗೆ ಎಳೆದರು. ಗಾಡಿ ಒಮ್ಮೆ ಗುಟುರು ಹಾಕಿ, ಕಲ್ಲುಗಳಿಂದ ತುಂಬಿದ ಆ ಕಡಿದಾದ ದಾರಿಯಲ್ಲಿ ಒಂದೊಂದೇ ಹೆಜ್ಜೆಯಿಟ್ಟು, ಗರ್ಭಿಣಿ ಮೆಟ್ಟಿಲಿಳಿಯುವ ಜಾಗರೂಕತೆಯಿಂದ ಇಳಿಯಿತು. ಹಿಂದಿನಿಂದ ಗಾಜು ಬಡಿದ ಸದ್ದಾಯಿತು. ಹೆಂಡತಿ ಗಾಬರಿಯಿಂದ ಬೆನ್ನ ಹಿಂದಿನ ಕಿಟಕಿ ಸರಿಸಿದಳು.

"ಅಳಿಯಂದಿರೇ! ನೀರಲ್ಲಿ ಒಂದು ಅಲೆ ಇಲ್ಲ! ದೊಡ್ಡಮ್ಮ ನಿದ್ದೆ ಮಾಡ್ತಿದಾಳೆ!"

ಮದುವೆಯಾದಂದಿನಿಂದ ಮಾವನವರ ಬಾಯಿಂದ ಬಂದ ಮೊದಲ ಪ್ರಶಂಸೆ ಅದು! ಅಳಿಯಂದಿರ ಎದೆ ಸ್ಟೇರಿಂಗಿಗೆ ತಗಲುವಷ್ಟು ಉಬ್ಬಿತು.

ಗುಡ್ಡ ಮುಗಿದು ಡಾಂಬರು ರಸ್ತೆ ಬಂತು. ತಿರುವು ತೆಗೆದುಕೊಂಡು, ಗಾಡಿ ನಿಲ್ಲಿಸಿ, ವಿಜಯದ ನಗೆ ಬೀರುತ್ತಾ ಚಿಕ್ಕ ಗೇರನ್ನು ಹಿಂದಿನ ಜಾಗಕ್ಕೆ ತಳ್ಳಿದರು. ಅದು ಹೋಗಲಿಲ್ಲ. ಇನ್ನೊಮ್ಮೆ ತಳ್ಳಿದರು. ಒಳಗೆ ಹಲ್ಲಿಗೆ ಹಲ್ಲು ಕಚ್ಚಿಕೊಂಡು ಕೂತಿತ್ತು. ಮುಂದೆ ನಡೆದದ್ದರ ಬಗ್ಗೆ ದಂಪತಿಗಳ ಹೇಳಿಕೆಗಳು ಇಂದಿಗೂ ಹೊಂದುವುದಿಲ್ಲ. 'ಮೆಲ್ಲಗೆ ಒಂದೆರಡು ಸಲ ಅಲ್ಲಾಡಿಸಿ ನೋಡಿದೆ' ಎಂಬುದು ಅವರ ಹೇಳಿಕೆ. 'ಒಂದು ಕಾಲನ್ನು ಬಾಗಿಲಿಗೆ ಕೊಟ್ಟು ಎರಡೂ ಕೈಯಲ್ಲಿ ಜಗ್ಗಿದರು' ಎಂಬುದು ಆಕೆಯದು.

"ಏನ್ರೀ ಅದು, ಗೇರು ಹಾಕ್ತಿದೀರಾ, ಹಲ್ಲು ಕೀಳ್ತಿದೀರಾ?"

"ಶ್! ಮೆಲ್ಲಗೆ! ಸಿಕ್ಕಾಕ್ಕೊಂಡಿದೆ."

"ವಿಜ್ಞಾನವಾ?"

ದೊಡ್ಡ ಗೇರನ್ನಾದರೂ ಏರಿಸಿ ಬೇಗ ಮನೆ ಮುಟ್ಟೋಣವೆಂದು ಅಳಿಯಂದಿರು ಯತ್ನಿಸಿದರು. ಸ್ವಲ್ಪ ವೇಗ ಹೆಚ್ಚಿಸಿದ್ದೇ ತಡ, ಎಂಜಿನ್ನು ಮುಗಿಲು ಹರಿಯುವಂತೆ ಕಿರುಚಿತು. ಕೂಡಲೇ ಹಿಂದಿನ ಗಾಜಿಗೆ ಬಡಿತ.

"ಅಳಿಯಂದಿರೇ, ಮೀನು ಬೆದರ್ತಿವೆ! ಮೊದಲಿನ ಹಾಗೇ ಹೋಗಿ, ಅದೇ ಚೆನ್ನಾಗಿತ್ತು!"

"ಆಗಲಿ ಮಾವ! ಮೀನಿಗೋಸ್ಕರಾನೇ ನಾನು ನಿಧಾನ ಮಾಡಿದ್ದು!"

ಹೆಂಡತಿ ತಿರುಗಿ ನೋಡಿದಳು. ಆ ನೋಟದಲ್ಲಿ ಚೌಕಾಸಿಯ ಒಂದು ಅಂಗಡಿ ತೆರೆಯುವುದನ್ನು ಅಳಿಯಂದಿರು ಸ್ಪಷ್ಟವಾಗಿ ಕಂಡರು.

"ಮೀನಿಗೋಸ್ಕರ," ಎಂದಳು ಆಕೆ ಮೆಲ್ಲಗೆ. "ಅಪ್ಪನಿಗೆ ನಿಜ ಹೇಳಿಬಿಡಲಾ?"

"ಬೇಡ ಕಣೇ! ಈಗಷ್ಟೇ ಹೊಗಳಿದಾರೆ."

"ಹಾಗಾದ್ರೆ ವರಾಂಡದಲ್ಲಿ ರಾಶಿ ಹಾಕಿದೀರಲ್ಲ, ಕಾಲು ಮುರಿದ ಕುರ್ಚಿಗಳು, ಅವು ನಾಳೇನೇ ಖಾಲಿ ಆಗಬೇಕು. ತೊಟ್ಟಿ ಅಲ್ಲಿಡಬೇಕು."

"ಅವೆಲ್ಲ ರಿಪೇರಿ ಮಾಡಿಸೋಕೆ..."

"ಅಪ್ಪಾ!" ಎಂದು ಆಕೆ ಕಿಟಕಿಯ ಕಡೆ ಬಾಗಿದಳು.

"ಖಾಲಿ, ಖಾಲಿ! ನಾಳೆ ಯಾಕೆ, ಇವತ್ತೇ ಖಾಲಿ!"

ಹೀಗೆ ಮೆರವಣಿಗೆ ಊರು ಪ್ರವೇಶಿಸಿತು. ತರಕಾರಿ ಚೀಲ ಹಿಡಿದ ಹೆಂಗಸೊಬ್ಬಳು ಗಾಡಿಯನ್ನು ಹಿಂದೆ ಹಾಕಿ ಮುಂದೆ ನಡೆದಳು. ಅಂಗಡಿ ಮುಂದೆ ನಿಂತು ಬ್ರೆಡ್ಡು ಕೊಂಡು, ಚಿಲ್ಲರೆಗಾಗಿ ಜಗಳವಾಡಿ, ಗಾಡಿಗಿಂತ ಮೊದಲೇ ಮುಂದಿನ ಮೂಲೆ ತಲುಪಿದಳು. ಗಾಡಿಯ ಹಿಂದೆ ವಾಹನಗಳ ಬಾಲ ಬೆಳೆಯುತ್ತಾ ಬೆಳೆಯುತ್ತಾ ತಿರುವಿನಾಚೆ ಮರೆಯಾಯಿತು. ಹಾರ್ನುಗಳ ಮಹಾಮೇಳ ಆರಂಭವಾಯಿತು.

ಅಳಿಯಂದಿರು ಬೆವೆತು ಹೋದರು. ಆದರೆ ಬಾಲದ ಕಡೆಗೆ ಮುಖ ಮಾಡಿ ಸಿಂಹಾಸನದಲ್ಲಿ ಕುಳಿತವರು ಯಾರು? ಮಾವನವರು! ಮೋಟಾರ್ ಸೈಕಲ್ಲಿನ ತರುಣನೊಬ್ಬ ಸಮೀಪಕ್ಕೆ ಬಂದು ಹಾರ್ನು ಒತ್ತಿಯೇ ಹಿಡಿದಾಗ, ಅವರು ಕನ್ನಡಕ ಸರಿಪಡಿಸಿಕೊಂಡು ವಿಚಾರಣೆ ಶುರು ಮಾಡಿದರು.

"ಏನಪ್ಪಾ ಅವಸರ? ಗಾಡೀಲಿ ವಯಸ್ಸಾದವರಿದಾರೆ, ಕಾಣಿಸ್ತಿಲ್ವಾ?"

"ನೀವು ಗಟ್ಟಿಮುಟ್ಟಾಗೇ ಇದೀರಲ್ಲ ತಾತ!"

"ನಾನಲ್ಲಯ್ಯಾ, ದೊಡ್ಡಮ್ಮ!" ಎಂದು ತೊಟ್ಟಿಯೊಳಗೆ ಬೆರಳು ತೋರಿಸಿದರು. ದೊಡ್ಡಮ್ಮ ಬಾಯಿ ತೆರೆದು ಮುಚ್ಚಿದಳು. ತರುಣ ಹಾರ್ನು ಬಿಟ್ಟ.

ವೃತ್ತದ ಬಳಿ ಟ್ರಾಫಿಕ್ ಪೊಲೀಸರು ಗಾಡಿಯ ಪಕ್ಕದಲ್ಲೇ ನಡೆಯುತ್ತಾ ಬಂದರು. ನಿಲ್ಲಿಸಲು ಕೈ ತೋರಿಸುವ ಅಗತ್ಯವೇ ಬೀಳಲಿಲ್ಲ.

"ಏನಾಗಿದೆ? ಗಾಡಿ ಕೆಟ್ಟಿದೆಯಾ?" ಎಂದು ಅವರು ಕೇಳಿದ್ದು ಅಳಿಯಂದಿರನ್ನು. ಉತ್ತರ ಬಂದದ್ದು ಹಿಂದಿನಿಂದ.

"ಗಾಡಿ ಕೆಟ್ಟಿಲ್ಲ ಸ್ವಾಮಿ! ನಮ್ಮ ಅಳಿಯಂದಿರು ಸರಿಹೋಗಿದಾರೆ!"

ಪೊಲೀಸರಿಗೆ ಏನು ಅರ್ಥವಾಯಿತೋ, ಎದುರಿನ ವಾಹನಗಳನ್ನೆಲ್ಲ ತಡೆದು ದಾರಿ ಬಿಡಿಸಿಕೊಟ್ಟರು. ಮಂತ್ರಿಗಳ ಗಾಡಿಗೂ ಸಿಗದಷ್ಟು ಹೊತ್ತು ಆ ವೃತ್ತ ಅಳಿಯಂದಿರಿಗಾಗಿ ಸ್ತಬ್ಧವಾಗಿ ನಿಂತಿತ್ತು. ದಾಟುವುದಕ್ಕೆ ಅಷ್ಟು ಹೊತ್ತು ಬೇಕಾಗಿತ್ತು ಕೂಡ!

"ನಾನು ಇವರನ್ನ ತಪ್ಪು ತಿಳ್ಕೊಂಡಿದ್ದೆ ಕಣಮ್ಮ," ಎಂಬ ಮಾತು ಕಿಟಕಿಯಿಂದ ತೂರಿ ಬಂತು. "ಒಂದು ಮೀನಿನ ಕಷ್ಟ ಅರ್ಥ ಮಾಡ್ಕೊಳ್ಳೋ ಮನುಷ್ಯ ಹೆಂಡತೀನ ಎಷ್ಟು ಚೆನ್ನಾಗಿ ನೋಡ್ಕೋಬೇಡ!"

ಆಕೆ ನಗು ತಡೆಯಲು ಕೈಚೀಲದ ಪಟ್ಟಿ ಕಚ್ಚಿದಳು. ನಗು ಇಳಿದ ಮೇಲೆ ವ್ಯಾಪಾರಕ್ಕೆ ಮರಳಿದಳು.

"ವಾರವಾರ ತೊಟ್ಟಿ ತೊಳೆಯೋದು ಯಾರು?"

"ನಿಮ್ಮಪ್ಪ."

"ಮೊಣಕಾಲು ನೋವಲ್ಲಿ?"

"ನೀನು."

"ಅಪ್ಪಾ..."

"ನಾನು! ನಾನೇ! ಬೇಕಿದ್ರೆ ಮೀನುಗಳಿಗೂ ಸ್ನಾನ ಮಾಡಿಸ್ತೀನಿ!"

ಗಾಡಿ ಇನ್ನೂ ಸ್ವಲ್ಪ ದೂರ ತೆವಳಿತು. ಆಮೇಲೆ ಆಕೆಯ ದನಿ ಬದಲಾಯಿತು. "ತಮಾಷೆ ಬಿಡಿ. ಅಪ್ಪ ಇಷ್ಟು ಖುಷಿಯಾಗಿ ಮಾತಾಡಿದ್ದು ಕೇಳಿ ಎಷ್ಟು ಕಾಲ ಆಯ್ತೋ. ಹೀಗೇ ಮನೆ ಸೇರಿಸಿಬಿಡಿ ಸಾಕು. ಕುರ್ಚಿ ನಾನೇ ಎತ್ತಿಡ್ತೀನಿ."

ಆ ಮಾತಿಗೆ ಅಳಿಯಂದಿರ ಮನಸ್ಸು ಕರಗಿತು. ಬಲಗಾಲು ಮಾತ್ರ ಕರಗಲಿಲ್ಲ. ಎಂಜಿನ್ನು ಕಿರುಚುವ ಅಂಚಿನವರೆಗೆ ತುಳಿದರೂ ತೆವಳುವ ಗಾಡಿಯಲ್ಲಿ, ಅದು ಅಷ್ಟು ಹೊತ್ತೂ ಪೆಡಲನ್ನು ಸಂಕೋಚವಿಲ್ಲದೆ ಅದುಮುವ ಅಭ್ಯಾಸ ಮಾಡಿಕೊಂಡಿತ್ತು.

ಅಂತೂ ಮನೆ ಬಂತು. ಗಾಡಿಯನ್ನು ಹಿಮ್ಮುಖವಾಗಿ ಗೇಟಿನೊಳಗೆ ತಂದರೆ ತೊಟ್ಟಿ ಇಳಿಸುವುದು ಸುಲಭ. ಅಳಿಯಂದಿರು ರಿವರ್ಸ್ ಹಾಕಿ, ಅದೇ ಗಾಂಭೀರ್ಯದಿಂದ ಅರ್ಧ ದಾರಿ ಹಿಂದೆ ಬಂದು, ಗೇಟಿನ ಕಂಬ ನೋಡಿಕೊಳ್ಳಲು ನಿಂತರು. ಕೈ ಸುಮ್ಮನಿರಲಾರದೆ ಚಿಕ್ಕ ಗೇರನ್ನು ಮುಟ್ಟಿತು. ಹಿಂದಕ್ಕೆ ಸರಿದಾಗ ಒಳಗಿನ ಬಿಗಿಯೆಲ್ಲ ತಾನಾಗಿಯೇ ಸಡಿಲಗೊಂಡಿತ್ತು. ಗೇರು ಬೆಣ್ಣೆಯಿಂದ ಕೂದಲೆಳೆದಂತೆ ಹಿಂದಿನ ಜಾಗಕ್ಕೆ ಜಾರಿತು!

"ಬಂತು! ಬಂತು ಕಣೇ!"

"ಈಗ ಬಂದು ಏನು ಪ್ರಯೋಜನ? ಮನೇನೂ ಬಂತಲ್ಲ!"

"ಇರಲಿ, ಇನ್ನೂ ಎರಡು ಮಾರು ಬಾಕಿ ಇದೆ!" ಎಂದು ಅಳಿಯಂದಿರು ಆನಂದದಿಂದ ಕ್ಲಚ್ ಬಿಟ್ಟರು. ಬಲಗಾಲು ತನ್ನ ಹೊಸ ಅಭ್ಯಾಸದಂತೆ ಪೆಡಲನ್ನು ಅದುಮಿತು.

ಆಮೆಯಾಗಿದ್ದ ಗಾಡಿ ಜಿಂಕೆಯಾಯಿತು. ಒಂದೇ ನೆಗೆತಕ್ಕೆ ಗೇಟು ದಾಟಿ ವರಾಂಡದ ಮೆಟ್ಟಿಲ ಹತ್ತಿರ ಬ್ರೇಕು ಕಿರುಚಿ ನಿಂತಿತು. ಗಾಡಿ ಹಿಂದಕ್ಕೆ ಹಾರಿದಾಗ ನೀರಿಗೆ ಆ ಸಮಾಚಾರ ತಡವಾಗಿ ತಲುಪಿತು. ಅದು ಇದ್ದಲ್ಲೇ ಇರಲು ಹವಣಿಸಿ, ಗೋಡೆಯಂತೆ ಎದ್ದು, ಮಾವನವರ ನೆತ್ತಿಯ ಮೇಲಿನಿಂದ ಚಾಲಕರ ಕೋಣೆಗೆ ಅಪ್ಪಳಿಸಿತು. ಹಿಂದಿನ ಗಾಜಿನಲ್ಲಿ ಮಾವನವರು ಕಾಣಿಸಲಿಲ್ಲ. ಜಲಪಾತ ಕಾಣಿಸಿತು.

ಇಬ್ಬರೂ ಇಳಿದು ಓಡಿದರು. ತೊಟ್ಟಿ ಒಡೆದಿರಲಿಲ್ಲ. ತಳದಲ್ಲಿ ಉಳಿದ ಅಂಗೈ ಆಳದ ನೀರಿನಲ್ಲಿ ಮೀನುಗಳು ಓರೆಯಾಗಿ ಪರದಾಡುತ್ತಿದ್ದವು. ಆದರೆ ದೊಡ್ಡಮ್ಮ ಎಲ್ಲಿ? ಹೆಂಡತಿಯ ಮುಖ ಬಿಳಿಚಿಕೊಂಡಿತು. ಅಳಿಯಂದಿರು ಹಾಸಿಗೆ ಎತ್ತಿ ನೋಡಿದರು, ಚಕ್ರದ ಕೆಳಗೆ ಬಗ್ಗಿದರು.

"ಯಾರೂ ಅಲ್ಲಾಡಬೇಡಿ," ಎಂದರು ಮಾವನವರು ಪಿಸುಮಾತಿನಲ್ಲಿ. ಅವರು ಕುರ್ಚಿಯಲ್ಲೇ ನೆಟ್ಟಗೆ ಕುಳಿತಿದ್ದರು. ಅವರ ಅಂಗಿ ಮಾತ್ರ ಕುಳಿತಿರಲಿಲ್ಲ. ಹೊಟ್ಟೆಯ ಮೇಲೆ ಏನೋ ಪಟಪಟನೆ ಒದ್ದಾಡುತ್ತಾ ಎಡಗಂಕುಳಿನತ್ತ ಪ್ರಯಾಣ ಬೆಳೆಸಿತ್ತು. "ಕಾಲರಿಂದ ಒಳಗೆ ಹೋದಳು. ಗುಂಡಿ ಬಿಚ್ಚಮ್ಮ, ಬೇಗ! ಕಚಗುಳಿ ಆಗ್ತಿದೆ!"

ಮಗಳು ಗುಂಡಿ ಬಿಚ್ಚಿದಳು, ಅಳಿಯಂದಿರು ವರಾಂಡದಲ್ಲಿದ್ದ ನೀರಿನ ಬಕೆಟ್ಟು ತಂದು ಹಿಡಿದರು. ದೊಡ್ಡಮ್ಮ ಧುಮುಕಿ, ಒಂದು ಸುತ್ತು ಈಜಿ, ಮೇಲೆ ಬಂದು, ಅಳಿಯಂದಿರ ಮುಖವನ್ನೇ ನೋಡುತ್ತಾ ಹಿಂದೆಂದೂ ಸಲ್ಲಿಸದಷ್ಟು ದೀರ್ಘವಾದ ಆಕ್ಷೇಪಣೆ ಸಲ್ಲಿಸಿದಳು. ಉಳಿದ ಮೀನುಗಳೂ ಬಕೆಟ್ಟು ಸೇರಿ ಚೇತರಿಸಿಕೊಂಡವು.

ಮಾವನವರು ಕನ್ನಡಕ ತೆಗೆದು ಹಿಂಡಿದಂತೆ ಝಾಡಿಸಿ, ಮತ್ತೆ ಮೂಗಿಗೇರಿಸಿದರು.

"ಅಳಿಯಂದಿರೇ, ಒಂದು ಅನುಮಾನ."

"ಹೇಳಿ ಮಾವ."

"ಈ ಕೊನೇ ತುಂಡು ಇತ್ತಲ್ಲ, ಇದು ನಿಮ್ಮ ಡ್ರೈವಿಂಗು. ತಕ್ಷಣ ಗುರುತು ಸಿಕ್ತು. ಅಲ್ಲೀವರೆಗೂ ಓಡಿಸ್ಕೊಂಡು ಬಂದ ಪುಣ್ಯಾತ್ಮ ಯಾರು?"

ಅಳಿಯಂದಿರು ಹೆಂಡತಿಯತ್ತ ನೋಡಿದರು. ಆಕೆಯಿಂದ ಇನ್ನು ತಡೆಯಲಾಗಲಿಲ್ಲ. ಗುಡ್ಡದ ಬುಡದಲ್ಲಿ ಸಿಕ್ಕಿಕೊಂಡ ಗೇರಿನಿಂದ ಹಿಡಿದು ಎಲ್ಲವನ್ನೂ, ನಗುವಿನ ಮಧ್ಯೆ ಉಸಿರು ಸಿಕ್ಕಿದಷ್ಟು ಹೇಳಿಬಿಟ್ಟಳು. ಹೇಳಿ ಮುಗಿಸಿದ ಮೇಲೆ ಭಯವಾಯಿತು.

"ಅಪ್ಪ... ವಾಪಸ್ ಹೋಗ್ತೀರಾ?"

ನೀರು ತೊಟ್ಟಿಕ್ಕುತ್ತಿದ್ದ ಮಾವನವರು ಗಾಡಿಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಅಳಿಯಂದಿರನ್ನೂ ಹಾಗೆಯೇ ನೋಡಿದರು. ಆಮೇಲೆ ಬಕೆಟ್ಟನ್ನು ಕೈಗೆತ್ತಿಕೊಂಡರು.

"ಹೋಗ್ತಿದ್ದೆ ಕಣಮ್ಮ, ಖಂಡಿತ ಹೋಗ್ತಿದ್ದೆ. ಆದ್ರೆ ಹೋಗಬೇಕಂದ್ರೆ ಮತ್ತೆ ಇವರ ಗಾಡೀನೇ ಹತ್ತಬೇಕಲ್ಲ! ನಡಿ, ನನ್ನ ಕೋಣೆ ಯಾವುದು ತೋರಿಸು."