ಗಿರಣಿ ಮನೆಯ ಕವಿ

ಕವಿಗಳ ಬಾಲ್ಯವನ್ನು ಓದಿ ಓದಿ ನನಗೊಂದು ಅನುಮಾನ ಬಂದಿದೆ: ಇವರೆಲ್ಲ ಒಂದೇ ಮನೆಯಲ್ಲಿ ಹುಟ್ಟಿರಬೇಕು. ಎಲ್ಲರ ತಾಯಿಯೂ ನಸುಕಿನಲ್ಲೆದ್ದು ಬೀಸುತ್ತ ಹಾಡುತ್ತಾಳೆ, ಎಲ್ಲರ ಅಜ್ಜಿಯೂ ಕತೆ ಹೇಳುತ್ತಾಳೆ, ಎಲ್ಲರ ಊರಿನ ಪಕ್ಕಕ್ಕೂ ಒಂದು ಹೊಳೆ. ಕೂಸು ತೊಡೆಯ ಮೇಲೆ ಮಲಗಿ ಕೇಳಿಸಿಕೊಳ್ಳುತ್ತದೆ, ದೊಡ್ಡದಾದ ಮೇಲೆ ನಮ್ಮನ್ನು ಕಾಡುತ್ತದೆ. ಅಣೆಕಟ್ಟಿನ ಹಿನ್ನೀರು ಏರಿ ಬೀಳಗಿ ಸೀಮೆಯ ಊರುಗಳು ಮುಳುಗಿದ ಮೇಲೆ ‘ಮುಳುಗಡೆಯ ನೋವು’ ಎಂಬುದೊಂದು ಈ ಪಟ್ಟಿಗೆ ಹೊಸದಾಗಿ ಸೇರಿಕೊಂಡಿತು. ಗುಡ್ಡದ ನೆತ್ತಿಯ ಮೇಲೆ, ನಳದಲ್ಲೂ ನೀರು ಬಾರದ ಊರಿನ ಕವಿಯೂ ಮುಳುಗಿದ. ನಿಜವಾಗಿ ಮನೆ ಕಳೆದುಕೊಂಡವರು ಮಾತ್ರ ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದರು. ಅವರಿಗೆ ಪದ್ಯಕ್ಕೆ ಪುರುಸೊತ್ತಿರಲಿಲ್ಲ.

ಇಷ್ಟು ಕುಹಕವಾಡುವ ನಾನು ಜಮಖಂಡಿಯ ಕಾಲೇಜೊಂದರಲ್ಲಿ ಕನ್ನಡ ಮಾಸ್ತರ. ಇಂಥವರನ್ನು ದೇವರು ಸುಮ್ಮನೆ ಬಿಡುವುದಿಲ್ಲ. ನನ್ನ ಹೆಂಡತಿಯ ಸೋದರಮಾವ ಗುರುಲಿಂಗಪ್ಪ ಬನಹಟ್ಟಿಯಲ್ಲಿ ದೊಡ್ಡ ಕವಿ. ಅಂದರೆ ಬನಹಟ್ಟಿಯಲ್ಲಿ ಮಾತ್ರ ದೊಡ್ಡ ಕವಿ. ಅವರಿಗೆ ಎಪ್ಪತ್ತು ತುಂಬಿತೆಂದು ಊರವರು ಸನ್ಮಾನ ಇಟ್ಟುಕೊಂಡರು. ಅಭಿನಂದನ ಗ್ರಂಥದಲ್ಲಿ ‘ಬಾಲ್ಯ ಮತ್ತು ಪ್ರಭಾವ’ ಬರೆಯುವ ಹೊಣೆ ಮನೆಯ ಅಳಿಯನೆಂದು ನನ್ನ ಕೊರಳಿಗೆ ಬಿತ್ತು. ಒಂದು ಭಾನುವಾರ ಬನಹಟ್ಟಿಗೆ ಹೋಗಿ ಅವರ ಮುಂದೆ ಕೂತೆ.

“ನಮ್ಮವ್ವ ಬೀಸೂ ಮುಂದ ಹಾಡ್ತಿದ್ಲು. ಅದನ್ನ ಕೇಳಿ ನಾ ಕವಿ ಆದೆ. ಬರ್ಕೋ” ಅಂದರು.

“ಎಂಥಾ ಹಾಡ್ರಿ ಮಾವ?”

“ಛಲೋ ಹಾಡು.”

“ಒಂದೆರಡು ಸಾಲು ಹೇಳ್ರಿ.”

“ಮತ್ತೇನೂ ಕೇಳಬ್ಯಾಡ. ಚಾ ಕುಡಿ.”

ಸಾಲುಗಳಿಲ್ಲದೆ ಪ್ರಭಾವ ಹೇಗೆ ಬರೆಯುವುದು? ಕವಿಯ ಅಕ್ಕ ಇರುವುದು ಸಾವಳಗಿಯಲ್ಲಿ. ಅವರೇ ನನ್ನ ಅತ್ತೆ. ಅವರಿಗಾದರೂ ಹಾಡು ನೆನಪಿರಬೇಕೆಂದು ಹೆಂಡತಿಯನ್ನು ಕರೆದುಕೊಂಡು ಬಸ್ಸು ಹತ್ತಿದೆ. ನನ್ನ ಪ್ರಶ್ನೆ ಕೇಳಿ ಅತ್ತೆ ಸೊಪ್ಪು ಸೋಸುವುದನ್ನು ನಿಲ್ಲಿಸಿದರು.

“ಬೀಸೂದಾ? ನಮ್ಮೂರು ಚಿಮ್ಮಡದಾಗ ಹಿಟ್ಟಿನ ಗಿರಣಿ ಇದ್ದದ್ದ ನಮ್ಮಪ್ಪಂದು. ಗಿರಣಿ ಇಟ್ಟಾಂವನ ಹೇಣ್ತಿ ಮನ್ಯಾಗ ಕುಂತು ಬೀಸ್ತಾಳೇನ್ರಿ ಅಳ್ಯಾರ? ಆ ಇಂಜಿನ್ ಸಪ್ಪಳದಾಗ ನಮ್ಮವ್ವ ಹಾಡೂದಿರ್ಲಿ, ಬೈದ್ರೂ ಕೇಳ್ತಿದ್ದಿಲ್ಲ.”

“ಹಂಗಾರ ಮಾವ ಕವಿ ಹೆಂಗಾದ್ರು?”

ಅತ್ತೆ ಸೊಪ್ಪಿನ ಮೊರ ಪಕ್ಕಕ್ಕಿಟ್ಟು ಹೇಳಿದರು. ಹಿಂದೆ ಅತ್ತೆಯನ್ನು ಕನ್ಯೆ ನೋಡಲು ಮುಧೋಳದಿಂದ ಒಬ್ಬ ವರ ಬಂದಿದ್ದನಂತೆ. ಗಿರಣಿ ನಿಲ್ಲಿಸಿ, ಜಮಖಾನ ಹಾಸಿ, ಹಿರಿಯರೆಲ್ಲ ಕೂತಿದ್ದಾರೆ. ಅವಲಕ್ಕಿ ಬಂದಿದೆ. ಆಗ ಹುಡುಗ ಗುರುಲಿಂಗಪ್ಪ ನಡುಮನೆಯಲ್ಲಿ ನಿಂತು, ಇಂಜಿನ್ ಸಪ್ಪಳದಲ್ಲಿ ಬೆಳೆದ ಆ ಗಂಟಲಿನಿಂದ ಹಾಡಿದನಂತೆ:

ಮುಧೋಳ ವರನ ಮೂಗ ನೋಡ್ರಿ,
ಮುಂಜಾನಿಗೇ ಮೊದಲ ಬಂತ್ರಿ.
ವರ ಬರೂದು ಸಂಜಿಕಂತ್ರಿ,
ಅಲ್ಲೀತನಾ ಮೂಗಿಗೇ ಚಾ ಕೊಡ್ರಿ.

ಬೀಗರು ಅವಲಕ್ಕಿ ಬಿಟ್ಟು ಎದ್ದರು. ಸಂಬಂಧ ಮುರಿಯಿತು. ಮಾವನಿಗೆ ಗಿರಣಿಯ ಚರ್ಮದ ಪಟ್ಟಾದಿಂದ ಏಟುಗಳು ಬಿದ್ದವು. ಅತ್ತೆಯನ್ನು ಮುಂದಿನ ವರ್ಷ ಸಾವಳಗಿಗೆ ಕೊಟ್ಟರು. ಇಷ್ಟು ಹೇಳಿ ಇನ್ನೇನೋ ಹೇಳಲು ಬಾಯಿ ತೆರೆದು, ಮಗಳ ಮುಖ ನೋಡಿ ಮತ್ತೆ ಸೊಪ್ಪು ಸೋಸತೊಡಗಿದರು. ನಾನು ನನ್ನೊಳಗೇ ಲೆಕ್ಕ ಹಾಕಿದೆ: ಆ ಪದ್ಯ ಹುಟ್ಟದಿದ್ದರೆ ನನ್ನ ಹೆಂಡತಿಯೂ ಹುಟ್ಟುತ್ತಿರಲಿಲ್ಲ. ನನ್ನ ಸಂಸಾರದ ಮೇಲೆ ಇಷ್ಟು ಗಾಢ ಪರಿಣಾಮ ಬೀರಿದ ಕಾವ್ಯ ಬೇರೊಂದಿಲ್ಲ. ಅದರ ಗುಣದೋಷದ ಬಗ್ಗೆ ಹೆಂಡತಿಯ ಎದುರು ಅಭಿಪ್ರಾಯ ಹೇಳುವಷ್ಟು ಧೈರ್ಯವಂತ ವಿಮರ್ಶಕ ನಾನಲ್ಲ.

ಈ ಸಂಗತಿ ಬರೆಯುತ್ತೇನೆಂದು ತಿಳಿಸಿದ್ದೇ ತಡ, ಮಾವನ ಮುಖ ಕಪ್ಪಿಟ್ಟಿತು. “ಅದನ್ನ ಬರದ್ರ ನಾ ಸನ್ಮಾನಕ ಬರಂಗಿಲ್ಲ. ಖರೆ ಹೇಳಾಕತ್ತೇನಿ” ಅಂದರು. ಮಂಟಪ ನಿಗದಿಯಾಗಿತ್ತು, ಶಾಲು ಬಂದಿತ್ತು. ನಾನು ಮನೆಗೆ ಬಂದು ತಾಯಿ, ಬೀಸುಕಲ್ಲು, ನಸುಕಿನ ಬೆಳಕು ಎಲ್ಲವನ್ನೂ ಸೇರಿಸಿ ಹಿಟ್ಟು ಬೀಸಿ ಕೊಟ್ಟೆ. ಓದಿದವರು ಕಣ್ಣೀರು ಬಂತೆಂದರು. ಸುಳ್ಳು ಇಷ್ಟು ಸಲೀಸಾಗಿ ಬರುತ್ತದೆಂದು ನನಗೂ ಗೊತ್ತಿರಲಿಲ್ಲ.

ಸನ್ಮಾನದ ದಿನ ಕವಿಯ ಅಕ್ಕನೆಂದು ಅತ್ತೆಯನ್ನೂ ವೇದಿಕೆಗೆ ಕರೆದು ಎರಡು ಮಾತಾಡಲು ಹೇಳಿದರು. ಅವರು ಸೆರಗು ಹೊದ್ದು ಮೈಕಿನ ಮುಂದೆ ನಿಂತರು.

“ನಮ್ಮ ಅಳ್ಯಾರು ಪುಸ್ತಕದಾಗ ಬೀಸೂ ಕಲ್ಲ ಅಂತ ಬರದಾರಂತ. ಅದು ಸುಳ್ಳ” ಅಂದರು. ನಾನು ಕುರ್ಚಿಯಲ್ಲಿ ಆದಷ್ಟು ಕೆಳಗಿಳಿದೆ. ಅವರು ಮೂಗಿನ ಪದ್ಯ ಪೂರ್ತಿ ಹೇಳಿದರು. ಸಭೆ ಬಿದ್ದು ಬಿದ್ದು ನಕ್ಕಿತು. ನಗೆ ನಿಂತ ಮೇಲೆ ಅವರು ಮುಂದುವರಿಸಿದರು.

“ಈ ಪದ ಕಟ್ಟು ಅಂದಾಕಿ ನಾನ. ಆ ವರನ್ನ ಸಂತ್ಯಾಗ ಮೊದಲ ನೋಡಿದ್ದೆ, ಮನಸಿಗೆ ಬಂದಿದ್ದಿಲ್ಲ. ಹೆಣ್ಣು ಒಲ್ಲೆ ಅಂದ್ರ ಯಾರು ಕೇಳ್ತಿದ್ರು? ಇವಗ ಒಂದು ಹಿಡಿ ಬೆಲ್ಲ ಕೊಟ್ಟು ಹೇಳಿದೆ. ಅಪ್ಪ ಬಡೀತ ಬಡೀತ ಯಾರು ಕಲಿಸಿದ್ರು ಅಂತ ಕೇಳಿದ. ಇಂವ ನನ್ನ ಹೆಸರು ಹೇಳಲಿಲ್ಲ. ಹೇಳಬ್ಯಾಡ ಅಂತ ಆಣಿ ಹಾಕಿದ್ದೆ, ಇವತ್ತಿನತನಾ ಹೇಳಿಲ್ಲ. ಈಗ ನಮ್ಮ ಯಜಮಾನ್ರೂ ಇಲ್ಲ. ಇನ್ನ ನಾ ಯಾರಿಗೆ ಅಂಜೂದು?”

ಮಾವ ಶಾಲಿನ ಅಂಚಿನಿಂದ ಕಣ್ಣು ಒರೆಸಿಕೊಂಡರು. ಸನ್ಮಾನದ ಶಾಲು ಉಪಯೋಗಕ್ಕೆ ಬಂದಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಮೇಲೆ ಎದ್ದು ಬಂದು ಮೈಕಿಗೆ ಬಾಯಿಟ್ಟು, “ಹಿಡಿ ಅಲ್ಲಕ್ಕ, ಅರ್ಧಾ ಹಿಡಿ ಇತ್ತು” ಅಂದರು. ಅಕ್ಕ ಅವರ ಬೆನ್ನಿಗೊಂದು ಗುದ್ದು ಕೊಟ್ಟರು. ಅಂದು ಮಾವನ ಬೇರೆ ಯಾವ ಕವಿತೆಯನ್ನೂ ಯಾರೂ ಕೇಳಲಿಲ್ಲ.

ಅದಾಗಿ ಎರಡು ತಿಂಗಳಿಗೆ ರಬಕವಿಯ ಕವಿಗೋಷ್ಠಿಗೆ ನನ್ನನ್ನೂ ಕರೆದರು. ಕವಿ ಸಿಗದಾಗ ಮಾಸ್ತರನೂ ಕವಿಯೇ. ಪರಿಚಯ ಮಾಡಿಕೊಡುವ ತರುಣ ಫೋನ್ ಮಾಡಿ, “ಸರ್, ನಿಮ್ಮ ಬಾಲ್ಯದ ಮ್ಯಾಲೆ ಯಾರ ಪ್ರಭಾವ ಐತ್ರಿ?” ಅಂತ ವಿನಯದಿಂದ ಕೇಳಿದ. ನಾನು ಕಣ್ಣು ಮುಚ್ಚಿ, ದನಿ ಭಾರ ಮಾಡಿಕೊಂಡು, “ನಮ್ಮಪ್ಪ ದಿನಾ ಸಂಜಿಕ ನನ್ನ ಕೂಡಿಸ್ಕೊಂಡು ಪುರಾಣ ಓದ್ತಿದ್ರು...” ಎಂದು ಶುರುಮಾಡಿದೆ.

ಅಡುಗೆಮನೆಯಿಂದ ಹೆಂಡತಿ ಇಣುಕಿ ಹೇಳಿದಳು: “ಮೆಲ್ಲಕ ಮಾತಾಡ್ರಿ. ನಿಮ್ಮವ್ವಾರು ಪಡಸಾಲ್ಯಾಗ ಅದಾರ.”

ನಾನು ಫೋನ್ ಹಿಡಿದುಕೊಂಡು ಹಿತ್ತಲಿಗೆ ಹೋದೆ.