ಉಳಿದ ಗುಡ್ಡೆ

ಉಗಾದಿಯ ಒಬ್ಬಟ್ಟು ಇನ್ನೂ ಬಾಯಲ್ಲಿರುವಾಗಲೇ ಓಬಳಮ್ಮ ಗಂಡನಿಗೆ ಬೇವು ತಿನ್ನಿಸಿದಳು.

"ಮದ್ವೆಯಾಗಿ ಇಪ್ಪತ್ತು ವರ್ಸ ಆಯ್ತು, ಏನ್ ಕಡ್ದು ಗುಡ್ಡೆ ಹಾಕಿದ್ದೀಯ ನೀನು? ನಾಳೆ ವರ್ಸ್‌ತೊಡಕಿಗೆ ನನ್ ತಮ್ಮ ಮಧುಗಿರಿಯಿಂದ ಬತ್ತಾವ್ನೆ. ಹೋದ್ವರ್ಸ 'ಅಕ್ಕಾ, ನಿಮ್ಮೂರ್ ಹೋತಕ್ಕೆ ಬರೀ ಮೂಳೆನಾ' ಅಂತ ಕೇಳ್ದ. ಈ ಸಲಾನೂ ಹಂಗೇ ತಂದ್ಯೋ, ಒಲೆ ಹಚ್ಚಲ್ಲ ನಾನು."

ದೊಡ್ಡರಂಗಪ್ಪ ಕೈ ತೊಳೆದ. ಹೆಂಡತಿಯ ಮಾತಿಗಲ್ಲದಿದ್ದರೂ ಬಾಮೈದನ ನಗುವಿಗೆ ಉತ್ತರ ಕೊಡಲೇಬೇಕಿತ್ತು.

ಸಿರಾ ಸೀಮೆಯಲ್ಲಿ ಗುಡ್ಡೆ ಇಲ್ಲದೆ ಬದುಕಿಲ್ಲ. ಸಂತೆಯ ಟೊಮ್ಯಾಟೊ ಗುಡ್ಡೆ ಲೆಕ್ಕ, ಕಣದಲ್ಲಿ ಕಡಲೆಕಾಯಿ ಗುಡ್ಡೆ, ಬಾಗಿಲ ಮುಂದೆ ಗುಡಿಸಿದ ಕಸ ಗುಡ್ಡೆ. ನಾಲ್ಕು ಕಾಸು ಕಂಡವನನ್ನು ಊರವರು 'ಗುಡ್ಡೆ ಹಾಕವ್ನೆ' ಎಂದು ಹೊಟ್ಟೆ ಉರಿದುಕೊಳ್ಳುತ್ತಾರೆ. ಆದರೆ ಉಗಾದಿಯ ಮಾರನೆಯ ದಿನ ಗುಡ್ಡೆ ಎಂದರೆ ಬಾಡು, ಬೇರೆ ಅರ್ಥ ಹುಡುಕುವವನು ಪರವೂರಿನವನು. ಹನ್ನೆರಡು ಮನೆಯವರು ಸೇರಿ ಒಂದು ಹೋತ ತರುತ್ತಾರೆ. ಕಡಿದು, ಹೊಂಗೆ ಸೊಪ್ಪು ಹಾಸಿ, ಹನ್ನೆರಡು ಗುಡ್ಡೆ ಹಾಕುತ್ತಾರೆ. ತೊಡೆ, ಪಕ್ಕೆ, ಪೇಟೆಯವರು ಲಿವರ್ ಎನ್ನುವ ಈಲಿ, ಕರುಳಿನ ಬೋಟಿ, ಮೂಳೆ ಎಲ್ಲವೂ ಎಲ್ಲ ಗುಡ್ಡೆಗೂ ಬೀಳಬೇಕು. ಅಲ್ಲಿಗೆ ತಕ್ಕಡಿ ತರುವುದೆಂದರೆ ನೆಂಟರ ಮನೆಗೆ ಬುತ್ತಿ ಕಟ್ಟಿಕೊಂಡು ಹೋದಂತೆ. ಎಲ್ಲ ಕಣ್ಣಂದಾಜು. ಅದಕ್ಕೇ ಒಂದು ಕಟ್ಟಳೆ: ಗುಡ್ಡೆ ಹಾಕಿದವನು ಕೊನೆಗೆ ಎತ್ತಬೇಕು. ಉಳಿದವರೆಲ್ಲ ಆರಿಸಿಕೊಂಡ ಮೇಲೆ ಮಿಕ್ಕಿದ್ದು ಅವನಿಗೆ.

ನಲವತ್ತು ವರ್ಷದಿಂದ ಗುಡ್ಡೆ ಹಾಕುತ್ತಿದ್ದವನು ಊರ ಹಿರಿಯ ಮೂಡ್ಲಪ್ಪ. ಪ್ರತಿ ವರ್ಷವೂ ಯಾರೂ ಮುಟ್ಟದ ಗುಡ್ಡೆಯೊಂದು ಅವನ ಪಾಲಿಗೆ ಬೀಳುತ್ತಿತ್ತು. ಅವನು ತುಟಿ ಎರಡು ಮಾಡದೆ ಹೊತ್ತುಕೊಂಡು ಹೋಗುತ್ತಿದ್ದ. ಊರು ಅವನನ್ನು ಧರ್ಮರಾಯ ಎನ್ನುತ್ತಿತ್ತು.

"ಈ ಸಲ ಮೊಣಕಾಲು ಒಪ್ಪಲ್ಲ ಕಣ್ರಪ್ಪ, ಬ್ಯಾರೆ ಯಾರಾದ್ರೂ ಕುತ್ಕಳಿ" ಎಂದು ಮೂಡ್ಲಪ್ಪ ವರ್ಷತೊಡಕಿನ ಬೆಳಿಗ್ಗೆ ಹೊಂಗೆಮರದ ಕಟ್ಟೆಯ ಮೇಲೆ ಕೂತುಬಿಟ್ಟ. ಉಳಿದವರು ಆಕಾಶ ನೋಡಿದರು. ಬೈಸಿಕೊಳ್ಳುವ ಕೆಲಸ, ಮೇಲೆ ಮಿಕ್ಕಿದ ಗುಡ್ಡೆ. ಯಾರಿಗೆ ಬೇಕು?

"ನಾನ್ ಹಾಕ್ತೀನಿ" ಎಂದ ದೊಡ್ಡರಂಗಪ್ಪ.

ಎಲ್ಲರೂ ತಿರುಗಿ ನೋಡಿದರು. ಗ್ರಾಮಸಭೆಯಲ್ಲಿ ಕೆಮ್ಮಲೂ ಅಂಜುವ ಮನುಷ್ಯ ಇವನು. ಆದರೆ ಅವನ ತಲೆಯಲ್ಲಿ ಒಂದು ಉಪಾಯ ಕೂತಿತ್ತು. ಒಂದು ಗುಡ್ಡೆಯ ತಳಕ್ಕೆ ಈಲಿ, ತೊಡೆ ಸೇರಿಸಿ, ಮೇಲೆ ಬೋಟಿ, ಮೂಳೆ ಹರಡಿಬಿಟ್ಟರೆ ಯಾರು ತಾನೇ ಅದನ್ನು ಎತ್ತುತ್ತಾರೆ? ಉಳಿಯುತ್ತದೆ. ಹೆಸರಿಗೆ ಹೆಸರು, ಬಾಡಿಗೆ ಬಾಡು.

ಸಿರಾದಿಂದ ಬಂದಿದ್ದ ಮುಸವೀರ್ ಹೋತ ಕಡಿದು ಬಗೆಬಗೆಯದನ್ನು ಬೇರೆಬೇರೆ ಹಾಕಿಕೊಟ್ಟ. "ಅಣ್ಣಾ, ಈಲಿ ಒಂದೇ ಐತೆ, ಮನೆ ಹನ್ನೆರಡು. ನಿಮ್ದು ಹಿಮ್ಮತ್ ನೋಡೋಣ" ಎಂದು ಕತ್ತಿ ತೊಳೆಯಲು ನಲ್ಲಿಯ ಕಡೆ ಹೋದ.

ಎದುರಿಗೆ ಪಕ್ಕದ ಮನೆಯ ಜುಂಜಣ್ಣ ಕುಕ್ಕರುಗಾಲಲ್ಲಿ ಕೂತ. ಪರೀಕ್ಷೆ ಕೋಣೆಯ ಮೇಷ್ಟರಿಗೂ ಅಷ್ಟು ಹದ್ದುಗಣ್ಣು ಇರಲಾರದು.

"ದೊಡ್ರಂಗ, ಮೂರ್ನೇದ್ರಾಗೆ ಪಕ್ಕೆ ಕಮ್ಮಿ ಐತೆ."

"ಹಾಕ್ತೀನಿ ಇರಣ್ಣ."

"ಏಳ್ನೇದ್ರಾಗೆ ಬರೀ ಕೊಬ್ಬು."

"ತೆಗೀತೀನಿ ಇರಣ್ಣ."

ಬಿಸಿಲು ನೆತ್ತಿಗೆ ಬರುತ್ತಿತ್ತು. ಈಲಿ ಮತ್ತು ತೊಡೆಯ ಒಳ್ಳೆಯ ತುಂಡುಗಳನ್ನು ದೊಡ್ಡರಂಗಪ್ಪ ಕೊನೆಗೆಂದು ಉಳಿಸಿಕೊಂಡಿದ್ದ. ಜುಂಜಣ್ಣನ ಕಣ್ಣು ಅವುಗಳ ಮೇಲಿಂದ ಏಳಲಿಲ್ಲ. ಬಾಮೈದನ ಫೋನು ಬೇರೆ: "ಬಾವಾ, ಬಸ್ ಹತ್ತಿದ್ದೀನಿ. ಈ ಸಲಾನಾದ್ರೂ ಬಾಡು ಐತಾ?"

ಆಗ ದೇವರು ನಾಯಿಯ ರೂಪದಲ್ಲಿ ಬಂದ. ಕರಿನಾಯಿಯೊಂದು ಹೋತದ ಒಂದು ಕಾಲು ಕಚ್ಚಿಕೊಂಡು ಓಟ ಕಿತ್ತಿತು. ಇಡೀ ಗುಂಪು ಹಿಂದೆ ಬಿತ್ತು, ಜುಂಜಣ್ಣ ಎಲ್ಲರಿಗಿಂತ ಮುಂದೆ. ಉಳಿದವನು ಮೂಡ್ಲಪ್ಪ ಒಬ್ಬನೇ. ಅವನೂ ಕಟ್ಟೆಯ ಮೇಲೆ ಕಣ್ಣು ಮುಚ್ಚಿ ತೂಕಡಿಸುತ್ತಿದ್ದ. ದೊಡ್ಡರಂಗಪ್ಪನ ಕೈ ಮಿಂಚಿನಂತೆ ಓಡಿತು. ಹನ್ನೊಂದು ಗುಡ್ಡೆಗೆ ಈಲಿ ಚೂರುಚೂರು ಉದುರಿಸಿ, ಮಿಕ್ಕಿದಷ್ಟನ್ನೂ ಹನ್ನೆರಡನೆಯದರ ತಳಕ್ಕೆ ತುರುಕಿ, ಮೇಲೆ ಬೋಟಿ ಹೊದಿಸಿ, ಕತ್ತಿನ ಮೂಳೆ ಇಟ್ಟ. ಅದು ಸಂತೆ ಮುಗಿದ ಮೇಲೆ ಉಳಿದ ಸೊಪ್ಪಿನಂತೆ ಕಾಣುತ್ತಿತ್ತು.

ಜುಂಜಣ್ಣ ಬರಿಗೈಲಿ ಏದುಸಿರು ಬಿಡುತ್ತಾ ಬಂದ. "ಈಲಿ ಇಷ್ಟೇಯಾ?"

"ನಾಯಿ ಬರೀ ಕಾಲ್ ಎತ್ಕಂಡೋಯ್ತು ಅನ್ಕಂಡ್ರಾ?" ಎಂದ ದೊಡ್ಡರಂಗಪ್ಪ. ಅಷ್ಟು ಧೈರ್ಯ ತನ್ನ ಬಾಯಿಗೆ ಎಲ್ಲಿಂದ ಬಂತೆಂದು ಅವನಿಗೇ ಅಚ್ಚರಿಯಾಯಿತು.

"ನೀವು ಎತ್ತಿ ಮಾವ" ಎಂದು ದೊಡ್ಡರಂಗಪ್ಪ ಕರೆದರೆ ಮೂಡ್ಲಪ್ಪ, "ಮಕ್ಳುಮರಿ ಇರೋರು ಮೊದ್ಲು ತಕ್ಕಳ್ಲಿ, ನಂದು ಆಮ್ಯಾಕೆ" ಎಂದ. ಒಬ್ಬೊಬ್ಬರಾಗಿ ಎತ್ತಿದರು. ಜಗಳವಿಲ್ಲ, ಗೊಣಗಾಟವಿಲ್ಲ. ಜುಂಜಣ್ಣ ಎರಡು ಸುತ್ತು ಹೊಡೆದು ಒಂದನ್ನು ಎತ್ತಿಕೊಂಡು, "ತಕ್ಕಡೀಲಿ ಇಕ್ಕಿದಂಗೈತೆ ಕಣ್ಲಾ ದೊಡ್ರಂಗ, ನಿನ್ ಕೈಗೆ ಬಳೆ ತೊಡಿಸ್ಬೇಕು, ಚಿನ್ನದ್ದು" ಎಂದ. ಯಾರೋ ಫೋಟೊ ಹೊಡೆದು ಊರಿನ ಗ್ರೂಪಿಗೆ ಹಾಕಿದರು. ದೊಡ್ಡರಂಗಪ್ಪನಿಗೆ ಎದೆ ಉಬ್ಬಿ ಅಂಗಿಯ ಗುಂಡಿ ಬಿಗಿಯಾಯಿತು. ಇಪ್ಪತ್ತು ವರ್ಷದಲ್ಲಿ ಅವನು ಇಷ್ಟು ಸಂತೋಷಪಟ್ಟದ್ದಿಲ್ಲ.

ಕೊನೆಗೆ ಎರಡು ಉಳಿದವು: ಐದನೆಯದು ಮತ್ತು ಆ ಹನ್ನೆರಡನೆಯದು. ಐದನೆಯದರಲ್ಲಿ ಏನಿದೆಯೆಂದು ಹಾಕಿದವನಿಗೆ ಗೊತ್ತಿತ್ತು. ಪಕ್ಕೆಯ ಎಲುಬು, ಅಗಿದಷ್ಟೂ ಮುಗಿಯದ ಜವೆ, ಉಗುರಿನಷ್ಟು ಈಲಿ.

"ಐದ್ನೇದು ನಿಮ್ದೇ ಮಾವ" ಎಂದು ದೊಡ್ಡರಂಗಪ್ಪ ಹನ್ನೆರಡನೆಯದರ ಪಕ್ಕಕ್ಕೆ ಪಾತ್ರೆ ತಂದಿಟ್ಟ.

ಮೂಡ್ಲಪ್ಪ ಕೋಲೂರಿ ಬಂದು, ಎರಡನ್ನೂ ನೋಡಿ, ನಿಟ್ಟುಸಿರು ಬಿಟ್ಟ. "ಮೊದಲ್ನೇ ಸಲ ಹಾಕ್ದೋನ್ಗೆ ಈ ಗತಿಗೆಟ್ಟ ಗುಡ್ಡೆ ಕೊಟ್ಟು ಕಳ್ಸಿದ್ರೆ ಊರಿಗೆ ಒಳ್ಳೇದಾಯ್ತದಾ? ಮನೇಗೆ ಬಾಮೈದ ಬೇರೆ ಬತ್ತಾವ್ನಂತೆ. ಐದ್ನೇದು ನೀನ್ ತಗಾ. ಇದು ನಂಗಿರ್ಲಿ."

"ಬ್ಯಾಡ ಮಾವ, ಬರೀ ಮೂಳೆ. ನಿಮಗೆ ಹಲ್ಲಿಲ್ಲ."

"ಹಲ್ಲಿಲ್ದೋನು ಸಾರು ಕುಡೀತಾನೆ ಬುಡು."

"ಹಾಕ್ದೋನ್ಗೆ ಉಳಿದಿದ್ದು ಅಂತ ಕಟ್ಟಳೆ ಐತಲ್ಲ ಮಾವ."

"ನಾನ್ ಇದ್ನ ಎತ್ತಿದ್ ಮ್ಯಾಲೆ ಉಳಿಯಾದು ಅದೇ ಅಲ್ವೇನ್ಲಾ?"

ಜುಂಜಣ್ಣ ಟವೆಲಿನಿಂದ ಕಣ್ಣೊರೆಸಿಕೊಂಡ. "ಒಬ್ರಿಗಿಂತ ಒಬ್ರು ಧರ್ಮರಾಯ್ರು ಕಣಪ್ಪ. ಇನ್ಮ್ಯಾಕೆ ವರ್ಸಾವರ್ಸ ದೊಡ್ರಂಗನೇ ಗುಡ್ಡೆ ಹಾಕ್ಬೇಕು" ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಹೆಗಲ ಮೇಲೆ ಹೊಸ ಟವೆಲೊಂದು ಬಂದು ಬಿತ್ತು. ದೊಡ್ಡರಂಗಪ್ಪ ಕೈಮುಗಿದು ನಕ್ಕ. ಆ ನಗುವಿಗೆ ಪಟ್ಟ ಪಾಡು ಅವನಿಗೇ ಗೊತ್ತು.

ಗುಂಪು ಚದುರುವಾಗ ಮೂಡ್ಲಪ್ಪ ಹನ್ನೆರಡನೆಯ ಗುಡ್ಡೆಯನ್ನು ಸೊಪ್ಪಿನ ಸಮೇತ, ಒಂದು ತುಂಡೂ ಅಲುಗದಂತೆ ತನ್ನ ಪಾತ್ರೆಗೆ ಎತ್ತಿಕೊಂಡ. ಆಮೇಲೆ ದೊಡ್ಡರಂಗಪ್ಪನ ಕಿವಿಯ ಹತ್ತಿರ ಬಾಗಿದ.

"ಪರ್ವಾಗಿಲ್ಲ, ಕೈ ಚೆನ್ನಾಗೈತೆ. ಬೋಟಿ ಇನ್ನೊಂಚೂರು ದಪ್ಪಕ್ಕೆ ಹಾಸ್ಬೇಕು ಕಣ್ಲಾ, ಒಂದ್ ಕಡೆ ಈಲಿ ಇಣುಕ್ತಿತ್ತು. ನಲ್ವತ್ತು ವರ್ಸದಾಗೆ ನಂದು ಒಂದ್ಸಲಾನೂ ಇಣುಕಿಲ್ಲ."